ಒಂದನೇ ನಂಬರಿನ ಕಾರ್ಡು

ನೋಡಿರಬೇಕು. ನೋಡದೆ ಹೇಗೆ ಬಿಟ್ಟೇನು? ಬೆಳಗಿನ ಎಂಟು ಗಂಟೆ, ಜಗುಲಿಯ ಮೇಲೆ ಬಿಸಿಲಿತ್ತು, ಕೈಯಲ್ಲಿ ಚಮಚವಿತ್ತು, ಅವ್ವ ಎದುರಿಗೇ ಕೂತಿದ್ದಳು. ಇಷ್ಟೆಲ್ಲ ಇದ್ದ ಮೇಲೆ ನೋಡಿಯೇ ಇರಬೇಕು. ಹಾಗಾದರೆ ಅವ್ವನ ಬಾಯಿ ಒಳಗೆ ಹೇಗಿತ್ತು?

ಜೀಪು ಅರಕಲಗೂಡು ಬಿಟ್ಟು ಹೊಳೆನರಸೀಪುರದ ರಸ್ತೆ ಹಿಡಿದಿತ್ತು. ಎರಡೂ ಕಡೆ ಹೊಲಗಳಲ್ಲಿ ಹೊಗೆಸೊಪ್ಪಿನ ಸಸಿ ಗೇಣುದ್ದ ಎದ್ದಿತ್ತು. ಡಾಕ್ಟರ್ ಚಲುವಯ್ಯ ಕಣ್ಣು ಮುಚ್ಚಿಕೊಂಡು ನೆನಪು ಮಾಡಿಕೊಂಡ. ಹನ್ನೊಂದು ತಿಂಗಳಲ್ಲಿ ನಾಲ್ಕು ತಾಲ್ಲೂಕುಗಳ ಮೂರು ಸಾವಿರ ಬಾಯಿಗಳನ್ನು ಅವನು ನೋಡಿದ್ದ. ಚನ್ನರಾಯಪಟ್ಟಣದ ಗಾಡಿಯವನೊಬ್ಬನ ಕೆನ್ನೆಯೊಳಗಿನ ಬಿಳಿ ಮಚ್ಚೆ ಹುಣಸೆ ಎಲೆಯಷ್ಟಿತ್ತು. ಅರಕಲಗೂಡಿನಲ್ಲಿ ಹೊಗೆಸೊಪ್ಪು ಕಟ್ಟುವ ಮುದುಕಿಗೆ ಮೇಲೆ ಎರಡೇ ಹಲ್ಲು, ಅವೂ ಸುಣ್ಣ ಹತ್ತಿದ್ದವು. ಇವೆಲ್ಲ ಕಣ್ಣ ಮುಂದೆ ಬಂದವು. ಅವ್ವನ ಬಾಯಿ ಬರಲಿಲ್ಲ.

ಜೇಬಿನಲ್ಲಿ ಕಾಗದವಿತ್ತು. ಅಣ್ಣ ಲಕ್ಕಯ್ಯನಿಗೆ ಓದುಬರಹ ಬಾರದು, ಅವನು ಹೇಳಿದ್ದನ್ನು ಮಗಳು ಮಾದಿ ಬರೆದಿದ್ದಳು. 'ಅಜ್ಜಿಗೆ ಯುಗಾದಿಯಿಂದ ಬಾಯಿಹುಣ್ಣು. ಮುದ್ದೆ ನುಂಗುವುದಿಲ್ಲ, ಗಂಜಿ ಕುಡಿಯುತ್ತದೆ. ನನಗೆ ಸೂಜಿ ಹಾಕಿಸಿದರು, ಅಳಲಿಲ್ಲ. ಅಪ್ಪ ದಿನಾ ಅವ್ವನ ಬೈಯುತ್ತದೆ.' ತನ್ನ ಹೆಂಡತಿಯ ಬಗೆಗಿನ ಕೊನೆಯ ಸಾಲನ್ನು ಲಕ್ಕಯ್ಯ ಹೇಳಿ ಬರೆಸಿರಲಾರ.

"ಪಾಲಾಕ್ಷ, ಒಂದನೇ ನಂಬರಿನ ಕಾರ್ಡು ನೆನಪಿದೆಯಾ?"

ಹಿಂದಿನ ಸೀಟಿನಲ್ಲಿ ಕಾರ್ಡಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಗುಮಾಸ್ತ ಪಾಲಾಕ್ಷ, "ಇದೆ ಸಾ, ಅಮ್ಮೋರದು" ಎಂದ.

"ನಾನು ನೋಡಿದ್ದೆನಲ್ಲ?"

ಪಾಲಾಕ್ಷ ಹೊಲದ ಕಡೆ ನೋಡಿದ. "ನೀವು ಇಲ್ಲ ಅಂತ ಹೇಳಿದ್ರಿ, ನಾನು ಬರ್ಕೊಂಡೆ ಸಾ."

ಹಾಸನದಲ್ಲಿ ಬಾಡಿಗೆಯ ಎರಡು ಕೋಣೆಗಳಲ್ಲಿ ಚಲುವಯ್ಯನ ಸಂಶೋಧನೆಯ ಆಫೀಸು ಇತ್ತು. ದೊಡ್ಡವರಿಗೆ ಬಿಳಿ ಕಾರ್ಡು: ಹೊಗೆಸೊಪ್ಪು ಹಾಕುತ್ತಾರೆಯೇ, ಎಷ್ಟು ವರ್ಷದಿಂದ, ಮಲಗುವಾಗಲೂ ದವಡೆಯಲ್ಲಿಟ್ಟುಕೊಳ್ಳುತ್ತಾರೆಯೇ, ಬಾಯಲ್ಲಿ ಮಚ್ಚೆ ಅಥವಾ ಹುಣ್ಣು ಇದೆಯೇ. ಮಕ್ಕಳಿಗೆ ಹಳದಿ ಕಾರ್ಡು: ಗಂಟಲು ನೋವು, ಕೀಲು ನೋವು, ಎದೆಯ ಸದ್ದು. ಕ್ಯಾನ್ಸರು ಮತ್ತು ಮಕ್ಕಳ ಹೃದಯದ ಕಾಯಿಲೆ ಬೇರೆ ಬೇರೆ ಎಂದು ಬೆಂಗಳೂರಿನ ದೊಡ್ಡ ಡಾಕ್ಟರು ತಕರಾರು ಮಾಡಿದಾಗ, ಇರುವುದೊಂದು ಜೀಪು, ಒಂದು ಮನೆಗೆ ಒಮ್ಮೆ ಹೋದರೆ ಅಜ್ಜಿಯ ಬಾಯನ್ನೂ ಮೊಮ್ಮಗುವಿನ ಎದೆಯನ್ನೂ ನೋಡಿಬರಬಹುದು ಎಂದು ವಾದಿಸಿ ಒಪ್ಪಿಸಿದ್ದವನು ಅವನೇ.

ಹಿಂದಿನ ವರ್ಷ, ಅರವತ್ತೆರಡರ ಆಷಾಢದಲ್ಲಿ, ಮೊದಲ ಕಾರ್ಡು ತನ್ನ ಮನೆಯದೇ ಆಗಲೆಂದು ಹೊಳೆನರಸೀಪುರದ ಹೊರಗಿನ ತಮ್ಮ ಕೇರಿಗೆ ಜೀಪು ತಂದಿದ್ದ. ಕೇರಿಯೆಲ್ಲ ಅಂಗಳದಲ್ಲಿ ನೆರೆದಿತ್ತು. ಅವ್ವ ಸಣ್ಣಕ್ಕ ಎಲಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಮದುವೆ ಹೆಣ್ಣಿನ ಹಾಗೆ ಬಂದು ಕೂತಳು.

"ಊರೊಳಗ್ನೋರು ನಿನ್ನ ಅಂಗಳದಾಗೇ ನಿಲ್ಲುಸ್ಕಂಡು ಬಾಯ್ ತೋರ್ಸೋದು, ನೋಡ್ತಿರು. ನನ್ ಬಾಯೊಳಕ್ಕೆ ಕೈಯೇ ಆಕು ಕಣ್ಲಾ. ಆದ್ರೆ ಮದ್ಲು ಈ ಮಗೀನ ನೋಡು. ಮಾಗೀಲಿ ಜ್ವರ ಬಂದು ಮಂಡಿ ಊದಿತ್ತಲ್ಲ, ಅವತ್ತಿಂದ ನಾಕೆಜ್ಜೆ ಓಡಿದ್ರೆ ಏದುಸ್ರು ಬಿಡ್ತದೆ."

ಒಂಬತ್ತು ವರ್ಷದ ಮಾದಿ ನಾಚಿಕೊಂಡು ಮುಂದೆ ಬಂದಳು. ಚಲುವಯ್ಯ ಸ್ಟೆತಾಸ್ಕೋಪನ್ನು ಅವಳ ಎದೆಯ ಎಡಕ್ಕಿಟ್ಟ. ಎರಡು ಬಡಿತಗಳ ನಡುವೆ, ಕುಲುಮೆಯ ತಿದಿಯಿಂದ ಗಾಳಿ ಜಾರಿದಂತೆ ಒಂದು ಸದ್ದು. ಮತ್ತೆ ಇಟ್ಟು ಕೇಳಿದ. ಬೆನ್ನ ಕಡೆಯಿಂದಲೂ ಕೇಳಿದ.

"ಏನ್ಲಾ?" ಎಂದಳು ಅವ್ವ.

"ಗುಂಡ್ಗೆ ಒಳಗೆ ಒಂದು ಬಾಗ್ಲು ಸರ್ಯಾಗ್ ಮುಚ್ತಿಲ್ಲ ಕಣವ್ವ. ಆ ಜ್ವರದಿಂದ ಬಂದದ್ದು. ಜ್ವರ ಇನ್ನೊಂದ್ಸಲ ಬರ್ದಂಗೆ ನೋಡ್ಕಬೇಕು."

ಮಾದಿಯ ತಾಯಿ ಮಾಯಮ್ಮ ಕೈಲಿದ್ದ ಮೊರವನ್ನು ಕೆಳಗಿಟ್ಟು ಅಳತೊಡಗಿದಳು. ಚಲುವಯ್ಯ ಡಾಕ್ಟರಾಗುವವರೆಗೆ ಅವನನ್ನು ನೀನು ಎನ್ನುತ್ತಿದ್ದ ಅತ್ತಿಗೆ ಅವಳು. ಆಮೇಲೆ ಯಾರು ಹೇಳಿದರೂ ಕೇಳದೆ ನೀವು ಎನ್ನತೊಡಗಿದ್ದಳು. "ಎಣ್ಣ್ ಮಗ. ನಾಕು ಜನ್ರ ಮುಂದೆ ಯೋಳ್ಬ್ಯಾಡಿ, ನಿಮ್ ದಮ್ಮಯ್ಯ" ಎಂದಳು. ಲಕ್ಕಯ್ಯ ಎದ್ದು ಅಂಗಳದ ಜನರನ್ನು ಗದರಿಸಿ ಕಳಿಸಿದ. ಚಲುವಯ್ಯ ಹಳದಿ ಕಾರ್ಡನ್ನು ತಾನೇ ಬರೆದ. ಮೂರು ವಾರಕ್ಕೊಂದು ಪೆನಿಸಿಲಿನ್ ಸೂಜಿ, ಹಲವು ವರ್ಷ. ಹೀಗೆ ಬರೆಯುತ್ತಿದ್ದಾಗ ಪಾಲಾಕ್ಷ ಬಿಳಿ ಕಾರ್ಡು ಹಿಡಿದು, "ಅಮ್ಮೋರದು ಸಾ? ಮಚ್ಚೆ, ಹುಣ್ಣು?" ಎಂದಿದ್ದ.

"ಇಲ್ಲ ಅಂತ ಬರ್ಕೊಳಿ."

ಅಷ್ಟೇ ನೆನಪು. ಅದಕ್ಕೂ ಮುಂಚೆ ನೋಡಿದ್ದೆನೇನೋ ಎಂದು ಹುಡುಕಿದರೆ ಕಟ್ಟಾಯದ ದಿನ ಅಡ್ಡ ಬರುತ್ತಿತ್ತು.

ಕಟ್ಟಾಯದ ಕೇರಿಯಲ್ಲಿ ಹೆಂಗಸರು ಬಾಯಿ ತೆಗೆಯಲು ಒಪ್ಪಿರಲಿಲ್ಲ. ಊರೊಳಗೆ ಇನ್ನೊಂದು ತೊಡಕು. ಅಲ್ಲಿ ಜಗುಲಿಯ ಮೇಲೆ ಪಾಲಾಕ್ಷ ನಾಲಿಗೆ ಒತ್ತಿ ಹಿಡಿಯುತ್ತಿದ್ದ, ಚಲುವಯ್ಯ ಅಂಗಳದಲ್ಲಿ ನಿಂತು ಟಾರ್ಚು ಬಿಡುತ್ತಿದ್ದ. ಕೇರಿಯಲ್ಲಿ ಅಂಥದ್ದೇನೂ ಇಲ್ಲ, ನಾಚಿಕೆ ಮಾತ್ರ. ಅದಕ್ಕೆ ಅವ್ವನನ್ನೇ ಜೀಪಿನಲ್ಲಿ ಕರೆದೊಯ್ದ. ಅವ್ವ ಕಲ್ಲಿನ ಮೇಲೆ ಕೂತು, "ತೆಗೀರೇ ಬಾಯ. ಜಗಳಕ್ಕಾದ್ರೆ ಊರಗಲ ತೆಗೀತೀರಿ, ನನ್ ಮಗುನ್ ಮುಂದೆ ಏನು ಗರ ಬಡ್ಕಂಡೈತೆ? ಅವ್ನು ಮದ್ಲು ನೋಡಿದ್ದೇ ನನ್ ಬಾಯ" ಎಂದಳು. ಹೆಂಗಸರು ನಕ್ಕು ಸಾಲಾಗಿ ಕೂತರು. ಅಂದು ಅರವತ್ತು ಕಾರ್ಡು ತುಂಬಿತು. ಆಮೇಲೆ ದೊಡ್ಡಗದ್ದವಳ್ಳಿಯಲ್ಲಿ, ಚನ್ನರಾಯಪಟ್ಟಣದ ಸುತ್ತ, ಎಲ್ಲಿ ಹೋದರೂ ಡಾಕ್ಟ್ರು ಹೆತ್ತ ತಾಯಿ ಬಾಯನ್ನೇ ಮೊದಲು ನೋಡಿದ್ದಾರಂತೆ ಎಂಬ ಮಾತು ಅವನಿಗಿಂತ ಮುಂದೆ ಹೋಗಿರುತ್ತಿತ್ತು.

ಅವ್ವ ಆ ಮಾತು ಆಡಿದಾಗ ಅವನು ತಟ್ಟನೆ ಕಾರ್ಡಿನ ಡಬ್ಬದ ಕಡೆ ನೋಡಿದ್ದ. ಮನೆಗೆ ಹೋದಾಗ ನೋಡಿಬಿಡಬೇಕು ಎಂದುಕೊಂಡಿದ್ದ. ಅಂದರೆ ನೋಡಿರಲಿಲ್ಲ.

ಜೀಪು ಕೇರಿಯ ಮುಂದೆ ನಿಂತಿತು.

ಮನೆಯಲ್ಲಿ ಊಟದ ಹೊತ್ತು. ರೈಸ್ ಮಿಲ್ಲಿನ ಕೆಲಸದ ನಡುವೆ ಲಕ್ಕಯ್ಯ ಉಣ್ಣಲು ಬಂದಿದ್ದ. ಮೈಮೇಲೆಲ್ಲ ತೌಡು. ಅವನ ತಟ್ಟೆಯಲ್ಲಿ ಮುದ್ದೆ, ಮೇಲೆ ಬಿಳಿಚಿಕೊಂಡ ಸಾರು.

"ಇದು ಸಾರಾ? ಕಲಗಚ್ಚು. ಅವ್ವುಂಗೆ ಖಾರ ಆಗಾಕಿಲ್ಲ ಅಂದ್ರೆ ಮನೇಗೆಲ್ಲ ಸಪ್ಪೇನಾ? ಸುಡೋವಾಗ ಸುಟ್ಟುಬುಟ್ಟು ಈಗ ಸಪ್ಪೆ ಮಾಡಿಕ್ತಾಳೆ."

ಮಾಯಮ್ಮ ಒಲೆಯ ಮುಂದೆ ಕೂತು ಬೂದಿ ಕೆದಕುತ್ತಿದ್ದಳು.

"ಏನು ಸುಟ್ಟಿದ್ದು?" ಎಂದ ಚಲುವಯ್ಯ.

"ಯುಗಾದಿ ದಿನ ಒಬ್ಬಟ್ಟಿನ ಸಾರು ಕುದ್ಯೋದ ಅಂಗೇ ಬಡ್ಸವ್ಳೆ. ಅವ್ವ ಬಾಯ್ಗಾಕ್ಕಂಡು ಕುಯ್ಯೋ ಅಂತು. ಅವತ್ತಿಂದ ವಾಸಿ ಆಗ್ಲಿಲ್ಲ. ಕೇರೀಗೆಲ್ಲ ಗೊತ್ತು, ಕೇಳು."

ಅವ್ವ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಎಡಗೆನ್ನೆ ಊದಿ ಬಿಗಿದಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡೇ, "ಬಂದಾ ಮಗ. ಉಣ್ಣೋಗು" ಎಂದಳು. ಮಾತು ಗಟ್ಟಿಯಾಗಿ ಬರಲಿಲ್ಲ, ಸೆರಗಿನೊಳಗಿಂದ ವಾಸನೆ ಬಂತು. ಆ ವಾಸನೆಯನ್ನು ಅವನು ಅರಕಲಗೂಡಿನಲ್ಲೂ ಚನ್ನರಾಯಪಟ್ಟಣದಲ್ಲೂ ಬಲ್ಲ.

"ಬಿಸ್ಲಿಗೆ ಬಾರವ್ವ."

ಜಗುಲಿಯ ಮೇಲೆ, ಅದೇ ಜಾಗದಲ್ಲಿ ಅವ್ವ ಕೂತಳು. ಬಾಯಿ ಎರಡು ಬೆರಳಿನಷ್ಟೇ ತೆರೆಯಿತು. ಚಲುವಯ್ಯ ಚಮಚದ ಹಿಡಿಯಿಂದ ಕೆನ್ನೆಯನ್ನು ಸರಿಸಿದ. ಎಲಡಿಕೆಯ ಉಂಡೆ ಮೂವತ್ತು ವರ್ಷ ಕೂತಿರುತ್ತಿದ್ದ ಜಾಗದಲ್ಲಿ ಹೂಕೋಸಿನಂತೆ ಒಡೆದ ಹುಣ್ಣು. ಅಂಚು ಗಟ್ಟಿ. ದವಡೆಯ ಕೆಳಗೆ ಬೆರಳಿಟ್ಟ. ಗೋಲಿಯಂಥ ಎರಡು ಗಂಟು, ಒತ್ತಿದರೆ ಜರುಗಲಿಲ್ಲ. ಅಂಗಳದಲ್ಲಿ ನಿಂತಿದ್ದ ಪಾಲಾಕ್ಷ ಡಬ್ಬ ತೆರೆಯಲಿಲ್ಲ.

"ಮೈಸೂರಿಗೆ ಕರ್ಕಂಡೋಗ್ತೀನಿ" ಎಂದ ಚಲುವಯ್ಯ ಒಳಗೆ ಬಂದು. "ಕರೆಂಟು ಕೊಡುಸ್ಬೇಕು. ಇದು ಸಾರಿಂದ ಬರೋ ಕಾಯ್ಲೆ ಅಲ್ಲ ಅಣ್ಣ. ಹೊಗೆಸೊಪ್ಪಿಂದ."

"ಹೊಗೆಸೊಪ್ಪು ನಮ್ಮಜ್ಜಿ ಹಾಕ್ಲಿಲ್ವಾ? ತೊಂಬತ್ತು ವರ್ಸ ಬದ್ಕಿರ್ಲಿಲ್ವಾ?" ಲಕ್ಕಯ್ಯ ತಟ್ಟೆ ತಳ್ಳಿದ. "ವಾದ್ವರ್ಸ ನೀನೇ ನೋಡಿದ್ಯಲ್ಲ. ಕಾರ್ಡ್ನಾಗೆ ಏನೂ ಇಲ್ಲ ಅಂತ ಬರ್ದಿದ್ಯಲ್ಲ. ನೋಡಿದ್ಯೋ ಇಲ್ವೋ?"

ಒಲೆಯ ಕಡೆಯಿಂದ ಮಾಯಮ್ಮ ತಲೆ ಎತ್ತಿದಳು. ಮಾದಿ ಅಜ್ಜಿಯ ಪಕ್ಕ ಕೂತು ಚಿಕ್ಕಪ್ಪನ ಬಾಯನ್ನೇ ನೋಡುತ್ತಿದ್ದಳು.

"ಹೂಂ" ಎಂದ ಚಲುವಯ್ಯ.

"ಅಂಗಾದ್ರೆ ಲೆಕ್ಕ ಸರ್ಯಾಯ್ತು. ಆಸಾಡ್ದಲ್ಲಿ ಇರ್ಲಿಲ್ಲ. ಯುಗಾದೀಲಿ ಸುಟ್ತು. ಈಗ ಇಂಗಾಯ್ತು. ಓದ್ದೋನು ನೀನು, ಅತ್ಗೆ ಮ್ಯಾಲೆ ತಪ್ಪು ಬರ್ದಂಗೆ ಮಾತಾಡ್ತೀಯ."

"ಅಣ್ಣ, ಸಾರಿಂದಲ್ಲ ಅಂದ್ನಲ್ಲ."

"ಬುಡಿ" ಎಂದಳು ಮಾಯಮ್ಮ. "ನನ್ ಮನ್ಸಿಗೆ ನೋಯ್ಬಾರ್ದು ಅಂತ ಅಂಗಂತೀರ, ನಂಗೊತ್ತಾಯ್ತದೆ. ನೀವು ನೋಡ್ದಾಗ ಇರ್ಲಿಲ್ಲ ತಾನೆ? ಬುಡಿ." ಎದ್ದು ಅತ್ತೆಯ ಗಂಜಿಯ ಲೋಟವನ್ನು ಮುಟ್ಟಿ ನೋಡಿದಳು. ಆರಿದೆಯೇ ಎಂದು ಇನ್ನೊಮ್ಮೆ ಮುಟ್ಟಿದಳು.

ಮೈಸೂರಿನ ಆಸ್ಪತ್ರೆಯಲ್ಲಿ ಕೆನ್ನೆಯ ಚೂರು ತೆಗೆದು ನೋಡಿ, ಚಲುವಯ್ಯನಿಗೆ ಗೊತ್ತಿದ್ದುದನ್ನೇ ಬರೆದುಕೊಟ್ಟರು. ಕೆನ್ನೆಗೆ ರೇಡಿಯಂ ಸೂಜಿಗಳನ್ನು ಚುಚ್ಚಿ ಏಳು ದಿನ ಇಟ್ಟರು. ಗಂಟುಗಳಿಗೆ ಕರೆಂಟು, ಅಂದರೆ ವಿಕಿರಣ, ಕೊಟ್ಟರು. ಆ ಏಳು ದಿನ ಅವ್ವನನ್ನು ಬೇರೆ ಕೋಣೆಯಲ್ಲಿ ಹಾಕಿದ್ದರು, ಹೆಚ್ಚು ಹೊತ್ತು ಪಕ್ಕದಲ್ಲಿ ಕೂರುವಂತಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು ಚಲುವಯ್ಯ ಚನ್ನರಾಯಪಟ್ಟಣದ ಕಾರ್ಡುಗಳನ್ನು ವಿಂಗಡಿಸುತ್ತಿದ್ದ.

ಸೂಜಿ ತೆಗೆದ ಮಾರನೆಯ ದಿನ ಅವ್ವ ಕೈಸನ್ನೆ ಮಾಡಿ ಹತ್ತಿರ ಕರೆದಳು. ಸೊಂಟದಿಂದ ಎಲಡಿಕೆ ಚೀಲ ಬಿಚ್ಚಿ ಅವನ ಕೈಗಿಟ್ಟಳು.

"ಇನ್ ಇದ್ಯಾಕೆ. ಬಿಸಾಕು."

"ಮೊದ್ಲೇ ಬುಟ್ಟಿದ್ರೆ..."

"ಏನ್ ಬುಡ್ಲಾ. ನಾಟಿ ಕಾಲ್ದಾಗೆ ಒತ್ತಾರೆ ಒಂದು ತುತ್ತು ಉಂಡ್ರೆ ಸಂಜೆ ಗಂಟ ಇದೇಯ ವಟ್ಟೆ ಇಡ್ಕತಿದ್ದುದ್ದು. ನೀನೋದುವಾಗ ಎಲ್ಡ್ ಒತ್ತು ಇದ್ರ ಮ್ಯಾಲೇ ಕಳ್ದಿವ್ನಿ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. ಜೊಲ್ಲು ಸೋರಿತು, ಅವನು ಒರೆಸಿದ. "ಅವತ್ತೂ ಇತ್ತು ಕಣ್ಲಾ."

"ಯಾವತ್ತು?"

"ನೀನು ಕಾರ್ಡ್ ತಂದ್ಯಲ್ಲ, ಅವತ್ತು. ಅವ್ರೇಕಾಳಷ್ಟು. ನಾಲ್ಗೇಲಿ ಸವರ್ದ್ರೆ ಸಿಕ್ತಿತ್ತು. ತೋರ್ಸನಾ ಅಂತ್ಲೇ ಬಾಯ್ ತೊಳ್ಕಂಡು ಕೂತಿದ್ದೆ. ಆ ಮಗೀನ್ ಎದೆ ಮ್ಯಾಲೆ ಅದ ಮಡಗಿ ನೀನು ಮಖ ಇಳ್ಸ್ಕಂಡೆ. ಆ ಮಾಯಿ ಬೋರಾಡ್ತು. ಅದ್ರ ಮುಂದೆ ನಂದ್ಯಾವ್ ಲೆಕ್ಕ ಅಂತ ಸುಮ್ಕಾದೆ. ಆಮ್ಯಾಕೆ ನೀನೂ ಕೇಳ್ನಿಲ್ಲ."

ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಚಲುವಯ್ಯನ ಕೈಯಲ್ಲಿ ಚೀಲವಿತ್ತು. ಒಳಗಿನ ಸುಣ್ಣದ ಡಬ್ಬಿ ಬೆರಳಿಗೆ ತಗುಲಿತು.

"ಯುಗಾದೀಲಿ ಸಾರು ತಗುಲಿ ಉರೀತು. ಅದ್ರ ಮ್ಯಾಲೆ ಆಕ್ದೆ. ಊರ್ಗೆಲ್ಲ ಸಾರ್ ಸುಡ್ತು ಅಂದ್ಬುಟ್ಟೆ. ನನ್ ಮಗ ನೋಡಿದ್ದ ಅಂತ ಸುತ್ತೂರ್ಗೆಲ್ಲ ಯೋಳಿದ್ನಲ್ಲ, ಇನ್ನೇನನ್ಲಿ? ಅವ್ಳು ಒಳ್ಳೇವ್ಳು ಕಣ್ಲಾ. ಅವ್ಳ್ ಸಾರಿಂದಲ್ಲ, ಮದ್ಲೇ ಇತ್ತು ಅಂತ ನೀನೇ ಯೋಳ್ಬುಡು. ನನ್ ಬಾಯಾಗೆ ಮಾತು ಸರ್ಯಾಗ್ ಬರಾಕಿಲ್ಲ."

"ಯೋಳ್ತೀನಿ ಕಣವ್ವ."

ಊರಿಗೆ ಕರೆತಂದ ದಿನ ಹೇಳಬೇಕೆಂದಿದ್ದ. ಅಂದು ಮನೆ ತುಂಬ ಕೇರಿಯ ಜನ. ಮುಂದಿನ ವಾರ ಹಾಸನದಿಂದ ಬಂದಾಗ ಮಾಯಮ್ಮ ಒಬ್ಬಳೇ ಇದ್ದಳು, ಅಂಗಳದಲ್ಲಿ ಅತ್ತೆಯ ಬಟ್ಟೆಗಳನ್ನು ಬೂದಿನೀರಿನಲ್ಲಿ ಕುದಿಸುತ್ತಿದ್ದಳು.

"ಅತ್ಗೆ, ಒಂದು ಮಾತು."

"ಮಾದಿ ಸೂಜಿ ವಿಚಾರನಾ? ನಾಳೀಕೆ ಅಲ್ವಾ? ಅತ್ತೆ ಬರ್ದೆ ಓಗಾಕಿಲ್ಲ ಅಂತ ಅಟ ಇಡ್ದೈತೆ ಮೂದೇವಿ."

"ಅದೇ" ಎಂದ ಚಲುವಯ್ಯ. "ಸೂಜಿ ತಪ್ಪುಸ್ಬ್ಯಾಡಿ."

ಮಾದಿ ನಿಜವಾಗಿಯೂ ಹಟ ಹಿಡಿದಿದ್ದಳು. ಆ ಸೂಜಿ ದಪ್ಪ, ಮದ್ದು ಗಟ್ಟಿ. ಹಾಕಿಸಿಕೊಂಡರೆ ಎರಡು ದಿನ ಕುಂಟಬೇಕು. ಒಂದು ವರ್ಷದಿಂದ ಅಜ್ಜಿಯೇ ಅವಳನ್ನು ಊರಿನ ಆಸ್ಪತ್ರೆಗೆ ಕರೆದೊಯ್ದು, ಮಡಿಲಲ್ಲಿ ಬೋರಲು ಮಲಗಿಸಿಕೊಂಡು, ನರ್ಸಮ್ಮನನ್ನೂ ಅವಳ ಗಂಡನ ಮನೆಯವರನ್ನೂ ಬೈದು ನಗಿಸಿ ಸೂಜಿ ಹಾಕಿಸುತ್ತಿದ್ದಳು.

"ನಾನ್ ಬತ್ತೀನಿ ಕಣವ್ವ" ಎಂದ ಲಕ್ಕಯ್ಯ ಮಗಳಿಗೆ.

"ನೀನು ಬ್ಯಾಡ. ನಿಂಗೆ ಬೈಯಕ್ಕೆ ಬರಾಕಿಲ್ಲ."

"ನಿಮ್ಮವ್ವುನ್ನ ಕೇಳು, ಬತ್ತದೋ ಇಲ್ವೋ ಅಂತ."

ಅವ್ವ ಗೋಡೆ ಹಿಡಿದು ಎದ್ದಳು. ಮುಖಕ್ಕೆ ಸೆರಗು ಸುತ್ತಿ, ಕಣ್ಣೆರಡು ಮಾತ್ರ ಕಾಣುವ ಹಾಗೆ ಮಾಡಿಕೊಂಡು ಮಾದಿಯ ಕೈ ಹಿಡಿದಳು. ಮಾಯಮ್ಮ ಎರಡು ಹೆಜ್ಜೆ ಹಿಂದೆ ನೀರಿನ ತಂಬಿಗೆ ಹಿಡಿದು ನಡೆದಳು. ಆಸ್ಪತ್ರೆಯವರೆಗೆ ಅರ್ಧ ಮೈಲಿ. ನಾಲ್ಕು ಕಡೆ ಕೂತರು. ಆ ದಿನ ನರ್ಸಮ್ಮನನ್ನು ಬೈಯಲು ಅವ್ವನಿಗೆ ಆಗಲಿಲ್ಲ. ಮಾದಿಯ ತಲೆಯ ಮೇಲೆ ಕೈ ಇಟ್ಟುಕೊಂಡಿದ್ದಳು, ಅಷ್ಟೇ. ಮಾದಿ ಅತ್ತಳು. ಅದು ಅವ್ವ ಮನೆಯಿಂದ ಹೊರಗೆ ಹೋದ ಕೊನೆಯ ಸಲ.

ಭಾದ್ರಪದದಲ್ಲಿ ಕೆನ್ನೆ ತೂತಾಯಿತು. ಕುಡಿಸಿದ ಗಂಜಿ ಹೊರಗೆ ಬರುತ್ತಿತ್ತು. ಮಾಯಮ್ಮ ಕೂಲಿಗೆ ಹೋಗುವುದನ್ನು ಬಿಟ್ಟಳು. ರಾಗಿಯನ್ನು ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಆರಿಸಿ, ತನ್ನ ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡಿ, ಆಮೇಲೆ ಚಮಚದಲ್ಲಿ ಬಲಗಡೆಯಿಂದ ಹನಿ ಹನಿಯಾಗಿ ಬಿಡುತ್ತಿದ್ದಳು. ಒಂದು ಲೋಟಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಅವ್ವ ಅವಳ ಕೈಯನ್ನೇ ನೋಡುತ್ತಿದ್ದಳು. ಒಮ್ಮೆ ಚಲುವಯ್ಯ ಅಲ್ಲಿದ್ದಾಗ ಅವ್ವ ಅವನ ಕಡೆ ತಿರುಗಿ, ಮಾಯಮ್ಮನನ್ನು ಬೆರಳಿನಿಂದ ತೋರಿಸಿದಳು.

"ಏನಂತೆ ಅತ್ತೆದು?" ಎಂದಳು ಮಾಯಮ್ಮ.

"ನಿಮ್ನೂ ಉಣ್ಣು ಅಂತೈತೆ" ಎಂದ ಚಲುವಯ್ಯ.

ಅವ್ವ ಬೆರಳು ಇಳಿಸಿ ಕಣ್ಣು ಮುಚ್ಚಿದಳು.

ಮನೆಯಲ್ಲಿ ಖಾರ ಅರೆಯುವುದು ನಿಂತೇ ಹೋಯಿತು. ಲಕ್ಕಯ್ಯ ಮಿಲ್ಲಿನಿಂದ ಬರುವಾಗ ಮೆಣಸಿನಕಾಯಿ ಬೋಂಡ ತಂದು ಜಗುಲಿಯಲ್ಲೇ ತಿಂದು ಕೈ ತೊಳೆದು ಒಳಗೆ ಬರುತ್ತಿದ್ದ. ಒಂದು ದಿನ ಮಾದಿ, "ನಂಗೂ ಕೊಡಪ್ಪ" ಎಂದಳು. ಮಾಯಮ್ಮ ಅವಳ ಬೆನ್ನಿಗೊಂದು ಬಾರಿಸಿದಳು. ಎದೆ ನೆಟ್ಟಗಿಲ್ಲದ ಮಗುವಿಗೆ ಹೊಡೆದಳೆಂದು ಲಕ್ಕಯ್ಯ ಹೆಂಡತಿಗೆ ಹೊಡೆದ. "ನಮ್ಮವ್ವುನ್ ಮುಗ್ಸ್ದೆ, ಇನ್ ಇದ್ನೂ ಮುಗ್ಸು" ಎಂದ. ಅವನು ಹಾಗಂದದ್ದು ಮೂಲೆಯಲ್ಲಿದ್ದ ಅವ್ವನಿಗೆ ಕೇಳಿಸಿತು. ಎರಡೂ ಕೈ ಆಡಿಸುತ್ತ ಏನೋ ಹೇಳಲು ನೋಡಿದಳು. ಬರೀ ಗಾಳಿ ಬಂತು.

ಅದೇ ತಿಂಗಳು ಕಟ್ಟಾಯದಲ್ಲಿ ಎರಡನೇ ಸುತ್ತು ಶುರುವಾಯಿತು. ಹಿಂದಿನ ವರ್ಷ ಮಚ್ಚೆ ಕಂಡವರಲ್ಲಿ ಏನಾಗಿದೆ ಎಂದು ನೋಡಬೇಕಿತ್ತು. ಕೇರಿಯಲ್ಲಿ ಒಬ್ಬರೂ ಬಂದು ಕೂರಲಿಲ್ಲ. ಕಳೆ ಕೀಳಲು ಹೊರಟಿದ್ದ ದೊಡ್ಡತಾಯಮ್ಮನನ್ನು ಪಾಲಾಕ್ಷ ತಡೆದ. ಅವಳ ಕೆಳತುಟಿಯ ಒಳಗೆ ಬಿಳಿ ಮಚ್ಚೆ ಇದ್ದುದು ಕಾರ್ಡಿನಲ್ಲಿತ್ತು.

"ಯಾಕ್ ತೆಗೀಲಿ ಬಾಯ?" ಎಂದಳು ದೊಡ್ಡತಾಯಮ್ಮ. "ನಿಮ್ ಡಾಕ್ಟ್ರು ಹೆತ್ತವ್ವುನ್ ಬಾಯ ಮದ್ಲು ನೋಡಿದ್ರಂತಲ್ಲ? ಸಣ್ಣಕ್ಕನೇ ಬಂದು ಈ ಕಲ್ ಮ್ಯಾಲೆ ಕೂತು ಯೋಳ್ತಲ್ಲ? ಈಗ ಆಯಮ್ಮನ್ ಕೆನ್ನೆ ತೂತ್ ಬಿದ್ದೈತಂತೆ. ನೋಡಿದ್ ಬಾಯ್ಗೇ ಇಂಗಾದ್ರೆ ನೋಡಿ ಏನ್ ಬಂತು?"

"ಹಾಗಲ್ಲಮ್ಮ..." ಎಂದ ಪಾಲಾಕ್ಷ. ಚಲುವಯ್ಯನ ಮುಖ ನೋಡಿದ. ಹೆಂಗಸರು ಕುಡುಗೋಲು ಹಿಡಿದು ನಿಂತು ಅವನನ್ನೇ ನೋಡುತ್ತಿದ್ದರು.

ಚಲುವಯ್ಯ ಟಾರ್ಚನ್ನು ಚೀಲಕ್ಕೆ ಹಾಕಿದ. "ಇನ್ನೊಂದಿನ ಬರ್ತೀವಿ" ಎಂದ.

ಹಾಸನದಲ್ಲಿ ಆಫೀಸಿನ ಮುಂದೆ ಇಳಿಯುವಾಗ ಪಾಲಾಕ್ಷ, "ದೊಡ್ಡತಾಯಮ್ಮಂದು ಬಿಟ್ರೆ ಕೆಡುತ್ತೆ ಸಾ" ಎಂದ. ಚಲುವಯ್ಯ ತಲೆಯಾಡಿಸಿದ.

ಅವ್ವ ದೀಪಾವಳಿಗೆ ಎಂಟು ದಿನ ಮುಂಚೆ, ಬೆಳಿಗ್ಗೆ, ಮಾಯಮ್ಮ ಬಾಯಿ ತೊಳೆಸುತ್ತಿದ್ದಾಗ ಸತ್ತಳು. ಕೆನ್ನೆಯಿಂದ ರಕ್ತ ಒಂದೇ ಸಮ ಹೋಯಿತು. ಚಲುವಯ್ಯ ಚನ್ನರಾಯಪಟ್ಟಣದಲ್ಲಿ ಶಾಲೆಯ ಮಕ್ಕಳ ಎದೆ ನೋಡುತ್ತಿದ್ದ. ಅವನು ಬರುವಷ್ಟರಲ್ಲಿ ನೆಲ ತೊಳೆದಾಗಿತ್ತು.

ಮಣ್ಣು ಮಾಡಿ ಬಂದ ಮೂರನೆಯ ದಿನ ಅವನು ಹಾಸನಕ್ಕೆ ಹೋಗಿ ಡಬ್ಬದಿಂದ ಒಂದನೇ ನಂಬರಿನ ಕಾರ್ಡನ್ನು ತೆಗೆದ. ಮಚ್ಚೆ, ಹುಣ್ಣು ಎಂಬುದರ ಮುಂದೆ ಪಾಲಾಕ್ಷನ ಅಕ್ಷರದಲ್ಲಿ 'ಇಲ್ಲ' ಎಂದಿತ್ತು. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, 'ಪರೀಕ್ಷೆ ಮಾಡಿಲ್ಲ' ಎಂದು ಬರೆದು, ಸಹಿ ಹಾಕಿ, ತಾರೀಖು ಹಾಕಿದ. ಪಾಲಾಕ್ಷ ಆ ಕಾರ್ಡನ್ನು ಬೇರೆ ಕಟ್ಟಿಗೆ ಸೇರಿಸಿದ. ಮುಂದಿನ ವರ್ಷ ಬೆಂಗಳೂರಿಗೆ ಹೋದ ಇಂಗ್ಲಿಷಿನ ವರದಿಯಲ್ಲಿ, ನೋಡಿದ ಬಾಯಿಗಳ ಒಟ್ಟು ಸಂಖ್ಯೆ ಒಂದು ಕಡಿಮೆಯಾಯಿತು. ಅದಕ್ಕೆ ಕಾರಣವನ್ನು ದೊಡ್ಡ ಡಾಕ್ಟರು ಕೇಳಲಿಲ್ಲ. ಆ ವರದಿಯ ಒಂದು ಪ್ರತಿಯನ್ನು ಚಲುವಯ್ಯ ಮನೆಗೂ ತಂದ. ಲಕ್ಕಯ್ಯ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟ.

ಕಟ್ಟಾಯಕ್ಕೆ ಮತ್ತೆ ಎರಡು ಸಲ ಹೋದರು. ದೊಡ್ಡತಾಯಮ್ಮ ಸಿಗಲಿಲ್ಲ.

ಅರವತ್ನಾಲ್ಕರ ಪಿತೃಪಕ್ಷದಲ್ಲಿ ಅವ್ವನಿಗೆ ಮೊದಲ ಎಡೆ. ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನೆಲ್ಲ ಎಲೆಯ ಮೇಲಿಡಬೇಕು. ಗೋಡೆಯ ಬುಡದಲ್ಲಿ ಅವ್ವನ ಹಸಿರು ಸೀರೆ ಮಡಿಸಿಟ್ಟು, ಮುಂದೆ ಬಾಳೆ ಎಲೆ ಹಾಸಿದ್ದರು. ಲಕ್ಕಯ್ಯ ಪೇಟೆಯಿಂದ ಚಿಗುರೆಲೆ, ಅಡಿಕೆ, ಸುಣ್ಣ ತಂದಿದ್ದ. ಒಂದು ಪೊಟ್ಟಣ ಹೊಗೆಸೊಪ್ಪನ್ನೂ ತಂದಿದ್ದ. ಎಲೆಯ ಬಲಕ್ಕಿಡುವಾಗ ತಮ್ಮನ ಮುಖ ನೋಡಿದ.

"ಇಡ್ಲಾ?"

"ಇಡಣ್ಣ."

"ಅದ್ಕೆ ಅದಿಲ್ದಿದ್ರೆ ಎಡೆ ಮುಟ್ಟಾಕಿಲ್ಲ ಕಣ್ಲಾ. ಇನ್ನೇನ್ ಆಗ್ಬೇಕು ಈಗ."

ಹನ್ನೊಂದು ವರ್ಷದ ಮಾದಿ ಹಿಂದಿನ ದಿನವಷ್ಟೇ ಸೂಜಿ ಹಾಕಿಸಿಕೊಂಡು, ಕುಂಟುತ್ತ ಧೂಪದ ಕೆಂಡ ತಂದಳು. ಓಡಿದರೆ ಈಗ ಏದುಸಿರಿರಲಿಲ್ಲ. ಮರುಕಳಿಸಿದ ಜ್ವರ ಒಂದೂ ಇಲ್ಲ ಎಂದು ಅವಳ ಹಳದಿ ಕಾರ್ಡಿನಲ್ಲಿ ಎರಡು ವರ್ಷದಿಂದ ಬರೆಯುತ್ತಿದ್ದರು.

ಮಾಯಮ್ಮ ಎಡೆಗೆ ಅನ್ನ, ಕಡುಬು, ಕೋಳಿ ಸಾರು ಬಡಿಸಿದಳು. ಲಕ್ಕಯ್ಯನಿಗೂ ನೆಂಟರಿಗೂ ಬೇರೆ ಪಾತ್ರೆಯಲ್ಲಿ ಕೆಂಪಗೆ ಖಾರದ ಸಾರಿತ್ತು. ಎಡೆಯ ಸಾರು ಮಾತ್ರ ಬಿಳಿಚಿಕೊಂಡಿತ್ತು. ಬಡಿಸುವ ಮುನ್ನ ಸೌಟಿನಿಂದ ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡಿದಳು.

"ತಣ್ಗೈತೆ ಅತ್ತೆ" ಎಂದಳು ಸೀರೆಯ ಕಡೆ ನೋಡಿ. "ಈ ಸಲ ನೋಡ್ಕಂಡೇ ಬಡ್ಸಿವ್ನಿ. ತಪ್ಪಾಯ್ತು, ವಟ್ಟೆಗಾಕ್ಕಳಿ."

ಅವ್ವ ಬಂದು ಎಡೆ ಮುಟ್ಟಲೆಂದು ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಜಗುಲಿಯ ಮೇಲೆ ಬಿಸಿಲಿತ್ತು. ಮಾಯಮ್ಮ ಚಲುವಯ್ಯನ ಪಕ್ಕ ಕಂಬಕ್ಕೊರಗಿ ನಿಂತು, ಮುಂಗೈಯನ್ನು ಸೆರಗಿಗೆ ಒರೆಸಿಕೊಂಡಳು.

"ಅಲ್ಲ, ನೀವೇ ಯೋಳಿ" ಎಂದಳು ಮೆಲ್ಲಗೆ. "ಅವತ್ತು ನೀವು ನೋಡ್ದಾಗ ಬಾಯಿ ನೆಟ್ಗಿತ್ತು ಅಲ್ವಾ?"

ಒಳಗೆ ಏನೋ ಸದ್ದಾಯಿತು. ಅಜ್ಜಿ ಬಂತು ಎಂದಳು ಮಾದಿ. ಬೆಕ್ಕು ಕಣೇ ಎಂದು ಲಕ್ಕಯ್ಯ ಬಾಗಿಲು ತಳ್ಳಿದ. ಎಲ್ಲರೂ ಒಳಗೆ ಹೋದರು.

ಆಮೇಲೆ ಪ್ರತಿ ಪಿತೃಪಕ್ಷದಲ್ಲೂ ಆ ಮನೆಯಲ್ಲಿ ಎಡೆಗೆ ಖಾರವಿಲ್ಲದ ಸಾರು ಬಡಿಸಿದರು. ಅವ್ವನ ಬಾಯನ್ನು ಅವತ್ತು ತಾನು ನೋಡಿರಲಿಲ್ಲ ಎಂದು ಚಲುವಯ್ಯ ಮಾಯಮ್ಮನಿಗೆ ಯಾವತ್ತೂ ಹೇಳಲಿಲ್ಲ.